ತಂತಿಯಾಚೆಯ ಮನೆಗೂ ಬೆಳಕು

ತರೀಕೆರೆಯ ಸಭಿಕರಿಗೆ ಲಕ್ಕವಳ್ಳಿಯ ಪರಿಚಯ ಬೇಕಿಲ್ಲ. ಭದ್ರೆಗೆ ಅಲ್ಲಿ ಅಣೆಕಟ್ಟು ಕಟ್ಟಿ, ಅದರ ಬುಡದಲ್ಲಿ ಕರೆಂಟು ತಯಾರಾಗತೊಡಗಿ ಅರ್ಧ ಶತಮಾನ ದಾಟಿತು. ಆದರೂ ಪಕ್ಕದ ಭದ್ರಾ ಅಭಯಾರಣ್ಯದೊಳಗಿನ ಊರುಗಳವರಿಗೆ ರಸ್ತೆ, ಆಸ್ಪತ್ರೆ, ವಿದ್ಯುತ್ತು ದೂರದ ಮಾತಾಗಿತ್ತು. ಹುಲಿ ಸಂರಕ್ಷಣೆಗಾಗಿ 2002ರ ಹೊತ್ತಿಗೆ 400ಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಬಂದು ನೆಲೆಸಿದ ಮೇಲೆ ಈ ಸೌಕರ್ಯಗಳು ಹತ್ತಿರವಾದವು. ಆದರೆ ಕಾಡಂಚಿನಲ್ಲೇ ಉಳಿಯುವ ಒಂಟಿ ಮನೆಗಳ ಬೆಳಕು ಯಾರ ಹೊಣೆ?

ಕಾಯ್ದೆ ಅಡ್ಡ ನಿಂತಿಲ್ಲ. ರಾಜ್ಯ ಸರ್ಕಾರ ಅಧಿಸೂಚಿಸಿದ ಗ್ರಾಮೀಣ ಪ್ರದೇಶದಲ್ಲಿ ವಿದ್ಯುತ್ ತಯಾರಿಸಿ ಹಂಚುವವರಿಗೆ ಪರವಾನಗಿ ಬೇಡ ಎಂದು 2003ರ ವಿದ್ಯುತ್ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಗ್ರಾಮಸಭೆ ಶಿಫಾರಸು ಮಾಡಿದರೆ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡುಜಾಗವನ್ನು ವಿದ್ಯುತ್ ತಂತಿಗೆ ಕೊಡಬಹುದು.

ತೊಡಕಿರುವುದು ಹಣದ ಹಾದಿಯಲ್ಲಿ. ಕಂಬವಿರುವ ಮನೆಗೆ ಸಹಾಯಧನ ತಂತಿಯ ಜೊತೆಗೇ ಬರುತ್ತದೆ. 2023ರಲ್ಲಿ ಶುರುವಾದ ಗೃಹಜ್ಯೋತಿ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲಿನ ಭಾರ ಇಳಿಸಿದೆ. ಮೀಟರೇ ಇಲ್ಲದ ಮನೆ ಈ ಲೆಕ್ಕದಿಂದ ಹೊರಗೆ. ಎಲ್ಲರಿಗಿಂತ ಬಡವರು ತಮ್ಮ ದೀಪದ ಪೂರ್ತಿ ಬೆಲೆ ತೆರಬೇಕಾಗಿ ಬರುವುದು ಅನ್ಯಾಯ.

ಇದಕ್ಕೆ ದಾರಿಗಳನ್ನು ಕನ್ನಡನಾಡೇ ತೋರಿಸಿದೆ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು ಮೊದಲು ಗೋಬರ್ ಗ್ಯಾಸನ್ನು ಅಡುಗೆಗೆ ಕೊಡಲು ಹೋದರು. ಗ್ಯಾಸು ಸಾಲಲಿಲ್ಲ. ಊರವರಿಗೆ ಬೇಕಿದ್ದುದು ಕುಡಿಯುವ ನೀರು. 1987ರಿಂದ ಅದೇ ಗ್ಯಾಸು ಎಂಜಿನ್ ಓಡಿಸಿ ನೀರೆತ್ತಿತು, ಮನೆಗಳಿಗೆ ದೀಪ ಹಚ್ಚಿತು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಹಣ ಸಿಕ್ಕಿತು, ಸ್ಲರಿ ಮತ್ತೆ ಅವರ ತಿಪ್ಪೆಗೇ ಹೋಯಿತು. ನೀರು ಮತ್ತು ದೀಪದ ಬಾಬ್ತು ವಸೂಲಿ ಊರಿನವರದೇ.

ಎರಡನೆಯ ದಾರಿ ಬ್ಯಾಂಕಿನದು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಕಟ್ಟಿದ ಸೆಲ್ಕೋ, ಸೋಲಾರ್ ದೀಪಕ್ಕೆ ಸಾಲ ಕೊಡುವಂತೆ ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿತು. ಕಂತು ಕಟ್ಟುವವರ ಕೈಗೆ ದುಡ್ಡು ಬರುವ ಹೊತ್ತನ್ನು ನೋಡಿ ಕಂತು ನಿಗದಿಯಾಗಬೇಕೆಂಬುದು ಅವರ ಪಾಠ. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ಸಲೀಸು. ಅಡಿಕೆ ಕೊಯ್ಲಿನ ದುಡ್ಡು ನಂಬಿದ ತರೀಕೆರೆಯ ಬೆಳೆಗಾರರಿಗೆ ವರ್ಷದ ಕಂತೇ ಅನುಕೂಲ. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇಷ್ಟಾದರೂ ಊರಿಗೊಂದು ಸಣ್ಣ ವಿದ್ಯುತ್ ಘಟಕ ಕಟ್ಟಲು ಬಂಡವಾಳದವರು ಹಿಂಜರಿಯುತ್ತಾರೆ. ನಾಳೆ ಮೆಸ್ಕಾಂ ಕಂಬ ಬಂದರೆ ಹಾಕಿದ ದುಡ್ಡಿನ ಗತಿಯೇನು? ತಾಂಜಾನಿಯಾ ಇದಕ್ಕೆ ಮೊದಲೇ ನಿಯಮ ಬರೆದಿಟ್ಟಿತು: ದೊಡ್ಡ ಜಾಲ ಬಂದಾಗ ಸಣ್ಣ ಘಟಕದವರು ತಮ್ಮ ವಿದ್ಯುತ್ತನ್ನು ಅದಕ್ಕೇ ಮಾರಬಹುದು, ಇಲ್ಲವೆ ಅದರಿಂದ ಕೊಂಡು ಊರಿಗೆ ಹಂಚಬಹುದು.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದಿಂದ ಕಾಡಂಚಿನ ಊರುಗಳಿಗೆ ಬೇಕಿರುವುದು ಇಂಥದೇ ಲಿಖಿತ ಭರವಸೆ. ಸರ್ಕಾರದಿಂದ ಬೇಕಿರುವುದು, ಗೃಹಜ್ಯೋತಿಗೆ ಸಮನಾದ ನೆರವು ಮೀಟರಿಲ್ಲದ ಮನೆಗೂ ತಲುಪುವ ಏರ್ಪಾಡು. ಆ ಹಣವನ್ನು ಗ್ರಾಮ ಪಂಚಾಯಿತಿಯಲ್ಲಿ ಬೇರೆ ಖಾತೆ ತೆರೆದು ಕೂಡಿಟ್ಟರೆ, ಕೆಲವು ವರ್ಷಕ್ಕೊಮ್ಮೆ ಸೋಲಾರ್ ಬ್ಯಾಟರಿ ಸೋತಾಗ ಹೊಸದು ತರಲು ಮನೆಯವರು ಸಾಲ ಹುಡುಕಬೇಕಾಗುವುದಿಲ್ಲ.