ನಿದ್ದೆಯ ಮಾತು: ಶಂಕರ್ ನಾಗ್ ನೆನಪಿನಲ್ಲಿ

(ಸೆಪ್ಟೆಂಬರ್ 30ರಂದು ಸಂಜೆ ದಾವಣಗೆರೆಯ ಆಟೋ ನಿಲ್ದಾಣವೊಂದರ ಬಳಿ ಸೇರಿದ್ದ ಸ್ಮರಣೆಯ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿಗೆ ಬಂದಾಗ ಹೂಮಾಲೆ ಹಾಕಿದ ಪಟವನ್ನು ನೋಡಿದೆ. ಪಟದಲ್ಲಿರುವವರು ನಗುತ್ತಿದ್ದಾರೆ. ಸತ್ತವರ ಪಟದ ಮುಂದೆ ಊದಿನಕಡ್ಡಿ ಹಚ್ಚಿ ಮುಖ ಸಪ್ಪಗೆ ಮಾಡಿಕೊಂಡು ನಿಲ್ಲುವುದು ನಮ್ಮ ರೂಢಿ. ಆದರೆ ಈ ಮನುಷ್ಯನ ಮುಂದೆ ಹಾಗೆ ನಿಲ್ಲಲು ಆಗುವುದಿಲ್ಲ. ಒಂದು ತಮಾಷೆಯ ಮಾತು ಹೇಳಿ ಈಗಷ್ಟೇ ಪಟದೊಳಗೆ ಹೋಗಿ ಕೂತವರಂತೆ ಕಾಣುತ್ತಾರೆ.

ಶಂಕರ್ ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದ ಕಡೆ. ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು, ನಮ್ಮ ದಾವಣಗೆರೆಯ ಪಕ್ಕದ ಆನಗೋಡಿನಲ್ಲಿ. ಲೆಕ್ಕ ಹಾಕಿ ನೋಡಿ: 36 ತುಂಬಲು ಇನ್ನೂ 40 ದಿನ ಬಾಕಿ ಇತ್ತು. ನನಗೆ ಈಗ ಹೆಚ್ಚುಕಡಿಮೆ ಅದೇ ವಯಸ್ಸು. ಮೇಷ್ಟ್ರ ಕೆಲಸ ಬಿಟ್ಟು ಪಕ್ಷದ ಕೆಲಸಕ್ಕೆ ಬಂದು ನಾನು ಮಾಡಿದ್ದೇನು ಎಂದು ಕೇಳಿಕೊಂಡರೆ ಬೆವರು ಬರುತ್ತದೆ. ಅವರು ಆ ವಯಸ್ಸಿಗೆ ಸುಮಾರು 90 ಚಿತ್ರಗಳಲ್ಲಿ ನಟಿಸಿ, ಹಲವನ್ನು ನಿರ್ದೇಶಿಸಿ, ನಾಟಕದ ತಂಡ ಕಟ್ಟಿ ಮುಗಿಸಿದ್ದರು. ಮೊದಲ ಚಿತ್ರ ‘ಒಂದಾನೊಂದು ಕಾಲದಲ್ಲಿ’ ಬಂದದ್ದು 1978ರಲ್ಲಿ. ಅಂದರೆ ಇದೆಲ್ಲ ಹನ್ನೆರಡು ವರ್ಷದ ದುಡಿಮೆ.

ಮುಂಬಯಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಹುಡುಗ ಅವರು. ಸಂಜೆಯಾದರೆ ಮರಾಠಿ ನಾಟಕದ ತಾಲೀಮು. ಅಲ್ಲಿಂದ ಗಿರೀಶ್ ಕಾರ್ನಾಡರ ಚಿತ್ರಕ್ಕೆ ಬಂದರು, ಬಾಡಿಗೆ ಯೋಧನ ಪಾತ್ರ ಮಾಡಿದರು. ಮರುವರ್ಷ ದೆಹಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಎನಿಸಿಕೊಂಡರು. ಬಹುಮಾನ ಬಂದವರು ಕಾಲ ಮೇಲೆ ಕಾಲು ಹಾಕಿ ಕೂರುವುದುಂಟು. ಇವರು 1980ರಲ್ಲಿ ‘ಆಟೋ ರಾಜ’ ಆಗಿ ನಿಮ್ಮ ಸೀಟಿನಲ್ಲೇ ಬಂದು ಕೂತರು. ಅಂದಿನಿಂದ ನೀವು ಅವರನ್ನು ಇಳಿಯಲು ಬಿಟ್ಟಿಲ್ಲ.

ಇದನ್ನು ಕೊಂಚ ಯೋಚಿಸಬೇಕು. ಅದಕ್ಕಿಂತ ಮೊದಲೂ ನಂತರವೂ ಎಷ್ಟೋ ನಟರು ಕೂಲಿಯಾಗಿ, ಲಾರಿ ಚಾಲಕರಾಗಿ, ಜಟಕಾ ಹೊಡೆಯುವವರಾಗಿ ಪರದೆಯ ಮೇಲೆ ಬಂದಿದ್ದಾರೆ. ಖಾಕಿ ಅಂಗಿ ತೊಟ್ಟರೂ ಒಳಗಿನ ಯಜಮಾನ ಅವರನ್ನು ಬಿಟ್ಟು ಹೋಗಿರುವುದಿಲ್ಲ. ಶಂಕರ್ ಹಾಗೆ ಕಾಣಲಿಲ್ಲ. ಗಡಸು ದನಿ, ಅವಸರದ ನಡಿಗೆ, ಕುರುಚಲು ಗಡ್ಡ, ಮಾತಿನ ನಡುವೆ ಒಡೆಯುವ ನಗು. ನಮ್ಮ ಸ್ಟ್ಯಾಂಡಿನವನೇ ಒಬ್ಬ ಎನ್ನಿಸಿತು. ಚಾಲಕರು ‘ಶಂಕ್ರಣ್ಣ’ ಎಂದು ಕರೆಯುವುದು ಅಭಿಮಾನಿ ಸಂಘದವರು ಹೇಳಿಕೊಟ್ಟದ್ದಲ್ಲ.

ಅವರ ಒಡನಾಡಿಗಳು ಅವರನ್ನು ನೆನೆದ ರೀತಿಯಲ್ಲೂ ಇದೇ ಸಲಿಗೆ ಇದೆ. ಅಣ್ಣ ಅನಂತ್ ನಾಗ್ ‘ನನ್ನ ತಮ್ಮ ಶಂಕರ’ ಎಂದೇ ಪುಸ್ತಕ ಬರೆದರು. ಆ ಹೆಸರಿನಲ್ಲಿ ನಟನೂ ಇಲ್ಲ, ನಿರ್ದೇಶಕನೂ ಇಲ್ಲ, ತಮ್ಮ ಇದ್ದಾನೆ. ರಮೇಶ್ ಭಟ್ ಅವರು ನಾಟಕದಿಂದ ಚಿತ್ರದವರೆಗೆ ಜೊತೆಯಲ್ಲಿದ್ದವರು. ಶಂಕರ್ ಮಾತು ತೆಗೆದರೆ ಅವರಿಗೆ ಇವತ್ತಿಗೂ ಮಾತು ಮುಗಿಯುವುದಿಲ್ಲ. ಯಾರನ್ನು ಕೇಳಿದರೂ ಹೇಳುವುದು ಎರಡೇ ಸಂಗತಿ: ಆ ಮನುಷ್ಯ ಸುಮ್ಮನೆ ಕೂರುತ್ತಿರಲಿಲ್ಲ, ಜೊತೆಯವರನ್ನೂ ಕೂರಲು ಬಿಡುತ್ತಿರಲಿಲ್ಲ. ಆದರೂ ಯಾರೂ ಬೇಸರದಿಂದ ಅದನ್ನು ಹೇಳುವುದಿಲ್ಲ. ಮೇಸ್ತ್ರಿಯ ಕೈಕೆಳಗೆ ದುಡಿದವರಿಗೂ ಗೆಳೆಯನ ಜೊತೆ ದುಡಿದವರಿಗೂ ಇರುವ ವ್ಯತ್ಯಾಸ ನಿಮಗೆ ನಾನು ವಿವರಿಸಬೇಕಿಲ್ಲ.

ಅವರು ಮಾಡಿದ ಕೆಲಸ ಎಷ್ಟು ಬಗೆಯದು ನೋಡಿ. ‘ಮಿಂಚಿನ ಓಟ’ದಲ್ಲಿ ಕಾರು ಕದಿಯುವ ಕಳ್ಳರ ಕಥೆ ಹೇಳಿದರು, ನಗಿಸುತ್ತಲೇ ಹೇಳಿದರು, ಕೊನೆಗೆ ಎದೆ ಹಿಂಡುವಂತೆ ಮಾಡಿದರು. ‘ಸಂಕೇತ್’ ನಾಟಕ ತಂಡ ಕಟ್ಟಿ ‘ಅಂಜುಮಲ್ಲಿಗೆ’, ‘ಬ್ಯಾರಿಸ್ಟರ್’, ‘ಸಂಧ್ಯಾಛಾಯಾ’, ‘ನಾಗಮಂಡಲ’ ಆಡಿಸಿದರು. ಚಿತ್ರದ ಧ್ವನಿಮುದ್ರಣಕ್ಕೆ ಕನ್ನಡದವರು ಮದರಾಸಿಗೆ ಓಡುತ್ತಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೋ ನಿಲ್ಲಿಸಿದರು. ಬೆಂಗಳೂರಿಗೆ ಮೆಟ್ರೋ ರೈಲು ಬೇಕು, ಬಡವನಿಗೆ ಅಗ್ಗದ ಮನೆ ಬೇಕು, ನಂದಿಬೆಟ್ಟಕ್ಕೆ ತೂಗುಹಾದಿ ಬೇಕು ಎಂದು ತಲೆ ಕೆಡಿಸಿಕೊಂಡರು. ಕೇಳಿದವರು ನಕ್ಕಿರಬಹುದು. ಮೆಟ್ರೋ 2011ರಲ್ಲಿ ಬಂತು. ಬಡವನ ಅಗ್ಗದ ಮನೆ ಎಲ್ಲಿ ಬಂತು ಎಂಬುದನ್ನು ಈ ಪೇಟೆಯ ಹಿಂದಿನ ಗಲ್ಲಿಗಳಲ್ಲಿ ಬಾಡಿಗೆ ಕಟ್ಟುವವರು ಹೇಳಬೇಕು. ಬೆಂಗಳೂರಿನ ಹೊರಗೆ ಅವರೊಂದು ಕಂಟ್ರಿ ಕ್ಲಬ್ ಕೂಡ ಕಟ್ಟಿದರು. ಅದು ಮಾತ್ರ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಇರಲಿ, ಗೆಳೆಯನೆಂದ ಮೇಲೆ ಒಂದೆರಡು ಜಗಳ ಇದ್ದೇ ಇರುತ್ತದೆ.

ಅವರು ಕೈಗೆ ಸಿಕ್ಕ ಚಿತ್ರಗಳಲ್ಲೆಲ್ಲ ಹೊಡೆದಾಡಿದರು, ‘ಕರಾಟೆ ಕಿಂಗ್’ ಆದರು ಎಂದು ಮೂಗು ಮುರಿಯುವ ವಿದ್ಯಾವಂತರಿದ್ದಾರೆ. ಅವುಗಳಲ್ಲಿ ಬಹಳಷ್ಟು ಸಾಧಾರಣ ಚಿತ್ರಗಳೇ, ನಾನೂ ಒಪ್ಪುತ್ತೇನೆ. ಆದರೆ ಆ ಹಣ ಎಲ್ಲಿಗೆ ಹೋಯಿತು? ನಾಟಕಕ್ಕೆ, ಸ್ಟುಡಿಯೋಗೆ, ತಾವು ಮಾಡಬೇಕೆಂದ ಚಿತ್ರಗಳಿಗೆ. ಹಗಲು ಗಿರಣಿಯಲ್ಲಿ ನಿಂತು ರಾತ್ರಿ ಭಜನೆಗೋ ಬಯಲಾಟಕ್ಕೋ ಸ್ವಂತ ಕಾಸು ಹಾಕುವ ನಮ್ಮ ಕಾರ್ಮಿಕನಿಗೆ ಈ ಲೆಕ್ಕ ಅರ್ಥವಾಗುತ್ತದೆ.

‘ಮಾಲ್ಗುಡಿ ಡೇಸ್’ ವಿಷಯ ಹೇಳದೆ ಮುಂದೆ ಹೋಗಲಾರೆ. 1986ರ ಹೊತ್ತಿಗೆ ದೂರದರ್ಶನಕ್ಕಾಗಿ ಆರ್.ಕೆ. ನಾರಾಯಣರ ಕಥೆಗಳನ್ನು ಮಾಡಬೇಕಾಗಿ ಬಂದಾಗ ಅವರು ಆರಿಸಿದ್ದು ಮಲೆನಾಡಿನ ಆಗುಂಬೆಯನ್ನು. ಅಲ್ಲಿ ಮಳೆ ಎಂದರೆ ಹೇಗಿರುತ್ತದೆಂದು ಹೋದವರಿಗೆ ಗೊತ್ತು. ಊರಿನ ಬೀದಿಯೇ ಮಾಲ್ಗುಡಿಯಾಯಿತು, ಅಲ್ಲಿಯ ಹಳೆಯ ದೊಡ್ಡಮನೆಯೇ ಸ್ವಾಮಿಯ ಮನೆಯಾಯಿತು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದ, ಕಾರ್ನಾಡರು ಅವನ ತಂದೆ. ಮಾತು ಹಿಂದಿ, ಕಥೆ ಇಂಗ್ಲಿಷು, ನೆಲ ಮಾತ್ರ ನಮ್ಮದು. ತಮ್ಮ ಕಥೆಗಳನ್ನು ಸಿನಿಮಾದವರು ಹಾಳುಮಾಡುತ್ತಾರೆಂದು ‘ಗೈಡ್’ ನೋಡಿ ನೊಂದಿದ್ದ ನಾರಾಯಣರಿಗೂ ಈ ಕೆಲಸ ಹಿಡಿಸಿತು. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಬೆತ್ತ ಹಿಡಿದ ದಿನಗಳಲ್ಲೆಲ್ಲ ಆ ಸ್ವಾಮಿಯ ಕಣ್ಣು ನೆನಪಾಗುತ್ತಿತ್ತು. ಬೆತ್ತ ಕೆಳಗಿಡುತ್ತಿದ್ದೆ.

ಈಗ ನಾನು ಹೇಳಲೇಬೇಕೆಂದು ಬಂದ ಮಾತು.

1985ರಲ್ಲಿ ಅವರು ‘ಆಕ್ಸಿಡೆಂಟ್’ ಎಂಬ ಚಿತ್ರ ಮಾಡಿದರು. ಅದಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು. ರಾಜಕಾರಣಿಯ ಮಗನೊಬ್ಬ ಅಮಲಿನಲ್ಲಿ ಕಾರು ಓಡಿಸಿ ಫುಟ್‌ಪಾತಿನ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಹತ್ತಿಸುತ್ತಾನೆ. ಆಮೇಲೆ ದುಡ್ಡು, ಪದವಿ, ಟೆಲಿಫೋನು ಎಲ್ಲ ಸೇರಿ ಅದನ್ನು ಮುಚ್ಚಲು ಹೊರಡುತ್ತವೆ. ಬೆನ್ನುಹತ್ತುವ ಪತ್ರಕರ್ತನ ಪಾತ್ರ ಶಂಕರ್ ಅವರದ್ದು. ಬದುಕುಳಿದ ಕೂಲಿಯಾಗಿ ರಮೇಶ್ ಭಟ್. ಆ ರಾಜಕಾರಣಿಯಾಗಿ ಅನಂತ್ ನಾಗ್. ಬೀದಿಯಲ್ಲಿ ಮಲಗಿದವನ ನಿದ್ದೆಗೂ ಬೆಲೆಯಿದೆ ಎಂದು ಹೇಳಿದ ಚಿತ್ರ ಅದು. ಅದನ್ನು ಮಾಡಿದವರು ಐದು ವರ್ಷದ ಮೇಲೆ ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆಂದು ಹೊರಟ ದಾರಿಯಲ್ಲಿ, ಬೆಳಗಿನ ಜಾವ, ನಮ್ಮ ಹೆದ್ದಾರಿಯಲ್ಲಿ ಲಾರಿ ಡಿಕ್ಕಿಗೆ ಸಿಕ್ಕಿ ತೀರಿಕೊಂಡರು. ಜೊತೆಯಲ್ಲಿದ್ದ ಪತ್ನಿ ಅರುಂಧತಿ ನಾಗ್ ಮತ್ತು ಪುಟ್ಟ ಮಗಳು ಗಾಯಗೊಂಡು ಉಳಿದರು. ಯಾರ ತಪ್ಪು ಎಂದು ವಿಚಾರಣೆ ಮಾಡಲು ನಾನು ನಿಂತಿಲ್ಲ.

ಆದರೆ ಇಲ್ಲಿ ಸಾಲಾಗಿ ನಿಂತ ಆಟೋಗಳಲ್ಲಿ ಎರಡರ ಬೆನ್ನ ಮೇಲೆ, ಅವರು ಹೇಳಿದ್ದೆಂದು ಒಂದು ಮಾತು ಬರೆಸಿದ್ದೀರಿ. ಸತ್ತ ಮೇಲೆ ಮಲಗುವುದು ಇದ್ದೇ ಇದೆ, ಎದ್ದಿರುವಾಗ ಏನಾದರೂ ಸಾಧಿಸು ಎಂಬ ಅರ್ಥದ್ದು. ಕಲಾವಿದನ ಬಾಯಲ್ಲಿ ಅದು ಚಂದ. ಶಂಕರ್ ತಮ್ಮ ನಿದ್ದೆಯನ್ನು ತಾವೇ ಇಷ್ಟಪಟ್ಟು ಬಿಟ್ಟುಕೊಟ್ಟವರು. ಆದರೆ ಇದೇ ಮಾತನ್ನು ಮಾಲೀಕ ಹೇಳಿದರೆ? ಫೈನಾನ್ಸಿನವನು ಹೇಳಿದರೆ? ಕಂತು ಕಟ್ಟಲು ಹಗಲೂ ಓಡಿಸಿ ರಾತ್ರಿಯೂ ಓಡಿಸುವ ತಮ್ಮಂದಿರು ಈ ಸಭೆಯಲ್ಲೇ ಇದ್ದೀರಿ. ಒಬ್ಬರು ಈಗ ಕೂತಲ್ಲೇ ತೂಕಡಿಸುತ್ತಿದ್ದಾರೆ, ಎಬ್ಬಿಸಬೇಡಿ. ಎಂಟು ಗಂಟೆ ಕೆಲಸ, ಎಂಟು ಗಂಟೆ ವಿಶ್ರಾಂತಿ ಎಂದು ಗಿರಣಿ ಕಾರ್ಮಿಕರು ತಲೆಮಾರುಗಟ್ಟಲೆ ಹೋರಾಡಿದ್ದು ಆ ನಿದ್ದೆಗಾಗಿಯೇ. ಅದನ್ನು ಗೆಳೆಯನ ಹೆಸರಿನಲ್ಲಿ ನಾವೇ ಬಿಟ್ಟುಕೊಡಬಾರದು. ಪಟ ಇರಲಿ, ನಗು ಇರಲಿ. ಆ ಸಾಲನ್ನು ಅಳಿಸಿ ಎಂದೂ ನಾನು ಹೇಳುವುದಿಲ್ಲ. ರಾತ್ರಿ ಹನ್ನೆರಡರ ಮೇಲೆ ಕಣ್ಣು ಎಳೆಯುತ್ತಿದ್ದರೆ ಗಾಡಿ ಪಕ್ಕಕ್ಕೆ ಹಾಕಿ ಮಲಗಿಬಿಡಿ. ಶಂಕ್ರಣ್ಣ ಬಯ್ಯುವುದಿಲ್ಲ.

ಇನ್ನೊಂದು ಸಂಗತಿ. ಅರುಂಧತಿ ನಾಗ್ ಅವರು ಅಪಘಾತದಿಂದ ಚೇತರಿಸಿಕೊಂಡು, ವರ್ಷಗಟ್ಟಲೆ ಓಡಾಡಿ, ಗೆಳೆಯರ ನೆರವಿನಿಂದ ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ರಂಗಶಂಕರ’ ಎಂಬ ನಾಟಕದ ಮನೆ ಕಟ್ಟಿಸಿದರು. 2004ರಲ್ಲಿ ಅದರ ಬಾಗಿಲು ತೆರೆಯಿತು. ಶಂಕರ್ ಕಂಡಿದ್ದ ಕನಸು ಅದು. ಅಲ್ಲಿ ಹೊತ್ತಿಗೆ ಸರಿಯಾಗಿ ನಾಟಕ ಶುರು. ತಡವಾಗಿ ಬಂದವರು ಎಂಥ ದೊಡ್ಡ ಮನುಷ್ಯರಾದರೂ ಒಳಗೆ ಬಿಡುವುದಿಲ್ಲ. ಮಂತ್ರಿಗಳಿಗಾಗಿ ಎರಡು ಗಂಟೆ ಬಿಸಿಲಿನಲ್ಲಿ ಕಾದು ಅಭ್ಯಾಸವಿರುವ ನಮಗೆ ಇದು ವಿಚಿತ್ರವಾಗಿ ಕಾಣಬಹುದು.

ನಮ್ಮ ಊರಿನ ಹುಡುಗರು ಈ ವರ್ಷ ಒಂದು ನಾಟಕ ಕಲಿಯಬೇಕೆಂದಿದ್ದಾರೆ. ತಾಲೀಮಿಗೆ ಜಾಗವಿಲ್ಲ. ಭಾನುವಾರ ಸಂಜೆ ಆರರಿಂದ ಎಂಟರವರೆಗೆ ತನ್ನ ಗೋದಾಮು ಕೊಡುತ್ತೇನೆಂದು ಕಿರಾಣಿ ಅಂಗಡಿಯ ಅಣ್ಣನೊಬ್ಬರು ಈಗ ವೇದಿಕೆ ಹತ್ತುವ ಮೊದಲು ನನ್ನ ಕಿವಿಯಲ್ಲಿ ಹೇಳಿದರು. ಅಕ್ಕಿ ಮೂಟೆಗಳನ್ನು ಒಂದು ಬದಿಗೆ ಸರಿಸಲು ನಾಲ್ಕು ಜನ ಬೇಕು. ಯಾರು ಬರುತ್ತೀರೋ ಸಭೆ ಮುಗಿದ ಮೇಲೆ ಇಲ್ಲೇ ನಿಲ್ಲಿ.