ದರ ಚೀಟಿ ಮೇಲೆ ಇರಲಿ, ಗೋಡೆ ಮೇಲೆ ಅಲ್ಲ

ಇವತ್ತು ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ ಹೇಳ್ತೀನಿ.

ಶಹಾಬಾದಿನ ಫರಸಿ ಕಲ್ಲಿನ ವ್ಯಾಪಾರಿಯೊಬ್ಬರಿಗೆ ಬಿಲ್ ಮಾಡುವ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಪೈಥಾನ್‌ನಲ್ಲಿ, ಅಜೂರ್ ಡ್ಯೂರಬಲ್ ಫಂಕ್ಷನ್ಸ್ ಮೇಲೆ. ಚಿತ್ತಾಪುರದಿಂದಲೋ ಚಿಂಚೋಳಿಯಿಂದಲೋ ಆರ್ಡರ್ ಬರ್ತದ, ಕೊಟೇಶನ್ ಹೋಗ್ತದ, ಗಿರಾಕಿ ‘ಹೂಂ’ ಅನ್ನೋತನಕ ಪ್ರೋಗ್ರಾಂ ಕಾಯ್ತದ, ಆಮೇಲೆ ಬಿಲ್. ಚದರಡಿ ದರವನ್ನು ಮಾತ್ರ ಆ್ಯಪ್ ಸೆಟ್ಟಿಂಗ್‌ನಲ್ಲಿ ಇಟ್ಟಿದ್ದೆ.

ಸೇಡಂನ ಗಿರಾಕಿಗೆ 32 ರೂಪಾಯಿ ದರದ ಕೊಟೇಶನ್ ಹೋಯ್ತು. ಮರುದಿನ ದರ 35 ಮಾಡಿದೆ. ಮೂರನೇ ದಿನ ಅವರು ಒಪ್ಪಿದರು, ಬಿಲ್ 35ರಂತೆ ಹೋಯ್ತು. 1,000 ಚದರಡಿಗೆ 3,000 ರೂಪಾಯಿ ಜಾಸ್ತಿ! ವ್ಯಾಪಾರಿ ಫೋನ್ ಮಾಡಿ, “ತಮ್ಮಾ, ರೊಕ್ಕ ಹೋದ್ರ ಬರ್ತದ, ಮಾತು ಹೋದ್ರ ಬರಲ್ಲ” ಅಂದರು.

ಆಗಿದ್ದಿಷ್ಟು. ಈ ಆರ್ಕೆಸ್ಟ್ರೇಟರ್ ಫಂಕ್ಷನ್ ಕಾಯುವಾಗ ಮೆಮೊರಿಯಲ್ಲಿ ಕೂತಿರಬೇಕಂತಿಲ್ಲ. ಮತ್ತೆ ಎದ್ದಾಗ ಕೋಡ್ ಮೊದಲ ಸಾಲಿನಿಂದಲೇ ಓಡ್ತದ. ಮುಗಿದ ಕೆಲಸಗಳ ಫಲಿತಾಂಶವನ್ನು ಹಿಸ್ಟರಿಯಿಂದ ತಗೋತದ. ಹಾಗಾಗಿ ಕೊಟೇಶನ್ ಹಳೇದೇ ಉಳೀತು, ಆದರೆ ಸೆಟ್ಟಿಂಗ್ ಹೊಸದಾಗಿ ಓದಿ ಬಿಲ್‌ಗೆ 35 ಕೊಟ್ತು.

ಸರಿ ದಾರಿ ಅಂದ್ರ, ಶುರು ಮಾಡುವಾಗಲೇ ದರವನ್ನು ಇನ್‌ಪುಟ್ ಆಗಿ ಕಳಿಸೋದು. ‘ಸ್ಟಾರ್ಟ್ ನ್ಯೂ’ ಕರೆಯುವಾಗ ದರ, ಗಿರಾಕಿ, ಅಳತೆ ಎಲ್ಲ ಒಂದೇ ಜೇಸನ್‌ನಲ್ಲಿ ಕಟ್ಟಿ ಕೊಡಿ; ಒಳಗೆ ‘ಗೆಟ್ ಇನ್‌ಪುಟ್’ನಿಂದ ತಗೊಳ್ಳಿ. ಅದು ಹಿಸ್ಟರಿಯಲ್ಲಿ ದಾಖಲಾಗ್ತದ, ಎಷ್ಟು ಸಲ ಓಡಿದರೂ ಅದೇ ಬರ್ತದ. ವಾಡಿಗೆ ಹೊರಟ ಲಾರಿಯ ಚೀಟಿ ಇದ್ದಂಗ: ಅಂಗಡಿ ಗೋಡೆ ಮೇಲಿನ ದರ ಬದಲಾದರೂ ಚೀಟಿ ಬದಲಾಗಲ್ಲ.

ಎರಡು ಎಚ್ಚರಿಕೆ. ಪಾಸ್‌ವರ್ಡ್, ಕೀ ಇಂಥವನ್ನು ಇನ್‌ಪುಟ್‌ನಲ್ಲಿ ಹಾಕಬ್ಯಾಡ್ರಿ, ಹಿಸ್ಟರಿಯಲ್ಲಿ ಉಳಿದುಬಿಡ್ತಾವ. ಅವನ್ನು ಆ್ಯಕ್ಟಿವಿಟಿ ಫಂಕ್ಷನ್ ಒಳಗೇ ಓದಿ. ಇನ್ನು, ನಡುವೆ ದರ ನಿಜವಾಗಿ ಬದಲಾಗಬೇಕಾದರೆ ‘ರೇಸ್ ಈವೆಂಟ್’ನಿಂದ ತಿಳಿಸಿ. ಅದನ್ನು ಕಾದು ತಗೊಳ್ಳುವ ಸಾಲು ಆರ್ಕೆಸ್ಟ್ರೇಟರ್‌ನಲ್ಲಿ ಇರಬೇಕು. ಆಗ ಬದಲಾವಣೆಯೂ ದಾಖಲಾಗ್ತದ.

ಆ 3,000 ರೂಪಾಯಿ ಬಿಟ್ಟು ಹೊಸ ಬಿಲ್ ಕಳಿಸಿದೆವು. ಬಿ.ಕಾಂ.ನಲ್ಲಿ ವೋಚರ್ ಇಲ್ಲದೆ ಎಂಟ್ರಿ ಇಲ್ಲ ಅಂತ ಕಲಿತಿದ್ದೆ. ಕೋಡ್ ಬರೆಯುವಾಗ ಅದನ್ನೇ ಮರೆತಿದ್ದೆ ನೋಡ್ರಿ. ಮುಂದಿನ ವಾರ ಸಿಗೋಣ.