ಕೈಗೂ ಅಕ್ಷರ ತಿದ್ದಿಸಬೇಕು

ಅಕ್ಕಂದಿರೇ, ತಂಗಿಯರೇ, ಮುಂದೆ ಬಂದು ಕೂತುಕೊಳ್ಳಿ. ಇವತ್ತು ಪಾಠ ಬೇಡ, ಮಾತಾಡೋಣ.

ನಮ್ಮ ಕೇಂದ್ರಕ್ಕೆ ಬರುತ್ತಿದ್ದ ದೊಡ್ಡಮ್ಮ ನಿಮಗೆಲ್ಲ ಗೊತ್ತು. ಹೆಸರು ಬರೆಯಲು ಕಲಿತು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. “ಟೀಚರಮ್ಮ, ಮತ್ತೆ ಹೆಬ್ಬೆಟ್ಟೇ ಆಯ್ತಲ್ಲ” ಅಂತ ಅತ್ತರು. ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದದ್ದನ್ನು ಹೇಳುತ್ತೇವೆ.

ಲಕ್ವ ಕೈಗೆ ಬಂದ ರೋಗ ಅಲ್ಲ. ಗಾಳಿ ಸೋಕಿ ಬಂದದ್ದೂ ಅಲ್ಲ. ಮಿದುಳಿನ ರಕ್ತನಾಳ ಕಟ್ಟಿಕೊಳ್ಳುತ್ತದೆ, ಇಲ್ಲವೇ ಒಡೆಯುತ್ತದೆ. ಎಡ ಮಿದುಳಿಗೆ ಪೆಟ್ಟಾದರೆ ಬಲಗೈ ಸೋಲುತ್ತದೆ. ಕೈಯಲ್ಲಿ ಮೂಳೆ ಇದೆ, ಮಾಂಸ ಇದೆ. “ಎತ್ತು” ಅಂತ ಹೇಳುವವರು ಇಲ್ಲ, ಅಷ್ಟೇ. ಪೆಟ್ಟಾಗದ ಭಾಗ ಆ ಕೆಲಸವನ್ನು ಸ್ವಲ್ಪ ಸ್ವಲ್ಪ ಕಲಿಯಬಲ್ಲದು. ಹೇಗೆ? ನೀವು ‘ಅ’ ಕಲಿತ ಹಾಗೆ. ತಿದ್ದಿ ತಿದ್ದಿ.

ತಿದ್ದುವುದು ಬೇಜಾರು, ಅಲ್ವಾ? ಅದಕ್ಕೇ ಹೊರದೇಶದ ವೈದ್ಯರು ಆಟ ಆಡಿಸಿದರು. ಇದಕ್ಕೆ ವರ್ಚುವಲ್ ರಿಯಾಲಿಟಿ ಅನ್ನುತ್ತಾರೆ. ನಿಜದ ಹಾಗೆ ಕಾಣುವ, ನಿಜ ಅಲ್ಲದ ಲೋಕ. ಕೆಲವು ಯಂತ್ರಗಳನ್ನು ಕಣ್ಣಿಗೆ ಕಟ್ಟಿಕೊಳ್ಳಬೇಕು. ಕೆಲವು ಟಿ.ವಿ. ಮುಂದೆ ಆಡುವಂಥವು. ಚಿಕ್ಕ ಕೋಲಿನಂಥದು ಹಿಡಿದು ಬೀಸಿದರೆ ಟಿ.ವಿ.ಯೊಳಗಿನ ಚೆಂಡಿಗೆ ಏಟು ಬೀಳುತ್ತದೆ.

ಕೆನಡಾ ದೇಶದ ಡಾ. ಗುಸ್ಟಾವೊ ಸಪೋಸ್ನಿಕ್ ಮತ್ತು ಜೊತೆಗಾರರು ಇದನ್ನು ಪರೀಕ್ಷೆ ಮಾಡಿದರು. ನಾಲ್ಕು ದೇಶಗಳ 141 ರೋಗಿಗಳು. ಎಲ್ಲರಿಗೂ ಲಕ್ವ ಹೊಡೆದು ಮೂರು ತಿಂಗಳೊಳಗೆ. ಒಂದು ಗುಂಪಿಗೆ ಟಿ.ವಿ. ಆಟ. ಇನ್ನೊಂದು ಗುಂಪಿಗೆ ಇಸ್ಪೀಟು, ಚೆಂಡು, ಮರದ ತುಂಡು ಪೇರಿಸುವ ಆಟ. ಎರಡು ವಾರದಲ್ಲಿ 10 ಸಲ, ಸಲಕ್ಕೆ ಒಂದು ಗಂಟೆ. ಫಲ 2016ರಲ್ಲಿ ಅಚ್ಚಾಯಿತು. ಏನಾಗಿತ್ತು ಗೊತ್ತಾ? ಎರಡೂ ಗುಂಪಿನವರ ಕೈ ಸುಧಾರಿಸಿತ್ತು. ಯಂತ್ರದವರದ್ದು ಹೆಚ್ಚಿಲ್ಲ, ಇಸ್ಪೀಟಿನವರದ್ದು ಕಡಿಮೆ ಇಲ್ಲ!

ಇಸ್ಪೀಟು ಅಂದರೆ ನಿಮಗೆ ಸಿಟ್ಟು ಬರುತ್ತೆ, ಗೊತ್ತು. ಬೇಡ ಬಿಡಿ. ಅಳಗುಳಿಮಣೆ ಇದೆಯಲ್ಲ? ಹುಣಸೆಬೀಜ ಹೆಕ್ಕಿ ಗುಳಿಗೆ ಹಾಕುವುದು ಬೆರಳಿಗೆ ಒಳ್ಳೆಯ ಕೆಲಸ ಅಂತ ನಮಗೆ ಅನ್ನಿಸುತ್ತದೆ. ಅವರೆಕಾಯಿ ಬಿಡಿಸಬಹುದು, ಲೋಟ ಎತ್ತಿಡಬಹುದು. ಮೊದಲು ಆಸ್ಪತ್ರೆಯಲ್ಲಿ ಅಂಗಸಾಧನೆ ಮಾಡಿಸುವವರನ್ನು ಕೇಳಿ. ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಭುಜದ ಕೀಲು ನೋಯುತ್ತದೆ. ಎಲ್ಲರ ಕೈಯೂ ಮೊದಲಿನಂತೆ ಆಗುತ್ತದೆ ಅಂತ ನಾವು ಹೇಳಲ್ಲ.

ಇನ್ನೊಂದು ಮಾತು. ದೊಡ್ಡಮ್ಮನಿಗೆ ಮನೆಯವರು ಎಣ್ಣೆ ತಿಕ್ಕುತ್ತಾ ಕೂತರು. ಆಸ್ಪತ್ರೆಗೆ ಹೋದದ್ದು ಮರುದಿನ. ಕಟ್ಟಿದ ರಕ್ತ ಕರಗಿಸುವ ಔಷಧಿಯನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ದೊಡ್ಡಮ್ಮ ಈಗ ದಿನಾ ಮೊಮ್ಮಗಳ ಜೊತೆ ಅಳಗುಳಿ ಆಡುತ್ತಾರೆ. ಬೀಜ ಜಾರುತ್ತೆ, ಬೈಯ್ತಾರೆ, ಮತ್ತೆ ಹೆಕ್ಕುತ್ತಾರೆ. ಹೋದ ಶುಕ್ರವಾರ ಸ್ಲೇಟು ಕೇಳಿದರು. ಹೆಸರಿನ ಮೊದಲ ಅಕ್ಷರ ಬಂತು, ಸೊಟ್ಟಗೆ.